ಹಸಿರು, ನೀಲಿ ಮತ್ತು ಒಂದು ರಾತ್ರಿಯೂಟ

ಗ್ಲಾಸ್ಗೋಗೆ ಓದಲು ಹೋದ ಮೊದಲ ಚಳಿಗಾಲ. ನಾನಿದ್ದ ಮನೆಯ ಮಾಲೀಕರಿಗೆ ಜ್ವರ ಬಂದು, ತಮ್ಮ ಸೀಸನ್ ಟಿಕೆಟ್ಟನ್ನು ಒಂದು ದಿನದ ಮಟ್ಟಿಗೆ ನನಗೆ ಕೊಟ್ಟರು. ಸೆಲ್ಟಿಕ್ ಮತ್ತು ರೇಂಜರ್ಸ್ ನಡುವಿನ ಫುಟ್‌ಬಾಲ್ ಪಂದ್ಯ. ಕೊಡುವಾಗ ಎರಡು ಮಾತು ಹೇಳಿದರು: ನೀಲಿ ಬಣ್ಣದ್ದೇನನ್ನೂ ತೊಡಬೇಡ, ಆಟ ಮುಗಿದ ಮೇಲೆ ಎಲ್ಲೂ ನಿಲ್ಲದೆ ಮನೆಗೆ ಬಾ. ನನ್ನಲ್ಲಿದ್ದದ್ದು ಒಂದೇ ಬೆಚ್ಚನೆಯ ಜಾಕೆಟ್ಟು, ಅದೂ ನೀಲಿ. ಅವರದೇ ಹಳೆಯ ಕರಿ ಕೋಟು ತೊಟ್ಟು ಹೊರಟೆ.

60 ಸಾವಿರ ಜನ ಹಿಡಿಸುವ ಸೆಲ್ಟಿಕ್ ಪಾರ್ಕ್ ಪೂರ್ತಿ ಹಸಿರು-ಬಿಳಿ, ಒಂದು ಮೂಲೆ ಮಾತ್ರ ನೀಲಿ. ನಡುವೆ ಪೊಲೀಸರ ಸಾಲು. ಈ ಕಡೆ ಐರ್ಲೆಂಡಿನ ಬಾವುಟ, ಆ ಕಡೆ ಯೂನಿಯನ್ ಜಾಕ್. ಆಡುತ್ತಿದ್ದದ್ದು ಸ್ಕಾಟ್ಲೆಂಡಿನ ಎರಡು ತಂಡಗಳಾದರೂ ಸ್ಕಾಟ್ಲೆಂಡಿನ ಬಾವುಟ ನನ್ನ ಕಣ್ಣಿಗೆ ಬೀಳಲಿಲ್ಲ. ಸೆಲ್ಟಿಕ್ ಗೋಲು ಹೊಡೆದಾಗ ಪಕ್ಕದಲ್ಲಿದ್ದ ಗುರುತಿಲ್ಲದ ಅಜ್ಜ ನನ್ನನ್ನು ಬಾಚಿ ತಬ್ಬಿಕೊಂಡರು. ಆ ಊರಿಗೆ ಬಂದು ಮೂರು ತಿಂಗಳಾಗಿತ್ತು, ಅಲ್ಲಿಯವರೆಗೆ ಯಾರೂ ನನ್ನನ್ನು ಹಾಗೆ ಮುಟ್ಟಿರಲಿಲ್ಲ. ಕಣ್ಣು ತುಂಬಿತು. ಸ್ವಲ್ಪ ಹೊತ್ತಿಗೆ ನೋಡಿದರೆ ನಾನೂ ಎದ್ದು ನಿಂತು ನೀಲಿ ಮೂಲೆಯತ್ತ ಮುಷ್ಟಿ ತೋರಿಸಿ ಕೂಗುತ್ತಿದ್ದೆ. ಅಲ್ಲಿ ನನ್ನದೇ ವಯಸ್ಸಿನ ಒಬ್ಬ ಅಷ್ಟೇ ಸಿಟ್ಟಿನಿಂದ ಕೈ ಬೀಸುತ್ತಿದ್ದ. ಅವನಿಗೂ ನನಗೂ ಏನು ಜಗಳ?

ಆ ಪ್ರಶ್ನೆ ಹಿಡಿದುಕೊಂಡು ಮುಂದಿನ ವಾರಗಳಲ್ಲಿ ಗ್ರಂಥಾಲಯದಲ್ಲಿ ಕೂತೆ. ಜಗಳದ ಬುಡದಲ್ಲಿ ಇದ್ದದ್ದು ಹಸಿವು. 1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆಗೆ ರೋಗ ಬಿದ್ದು, ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು. ಲಕ್ಷಾಂತರ ಜನ ಊರು ಬಿಟ್ಟರು. ಹಾಗೆ ಕಡಲು ದಾಟಿ ಗ್ಲಾಸ್ಗೋಗೆ ಬಂದವರಲ್ಲಿ ಹೆಚ್ಚಿನವರು ಕ್ಯಾಥೊಲಿಕರು. ಊರು ಪ್ರಾಟೆಸ್ಟಂಟರದು. ಕಡಿಮೆ ಕೂಲಿಗೆ ದುಡಿದು ನಮ್ಮ ಕೆಲಸ ಕಸಿಯುತ್ತಾರೆಂದು ಊರಿನವರಿಗೆ ಅಸಹನೆ. ನಗರದ ಪೂರ್ವ ಭಾಗದ ಕೊಳೆಗೇರಿಗಳಲ್ಲಿ ಈ ವಲಸಿಗರ ಮಕ್ಕಳು ಹಸಿವಿನಿಂದ ಬಳಲುತ್ತಿದ್ದರು. ಬ್ರದರ್ ವಾಲ್‌ಫ್ರಿಡ್ ಎಂಬ ಐರಿಷ್ ಸಂನ್ಯಾಸಿ ಅಲ್ಲಿ ಮಾಸ್ತರರಾಗಿದ್ದರು. ಬಡಮಕ್ಕಳ ಊಟಕ್ಕೆ ಹಣ ಕೂಡಿಸಲೆಂದು ಅವರು ಇತರರೊಡನೆ ಸೇರಿ 1887ರ ನವೆಂಬರಿನಲ್ಲಿ ಕಟ್ಟಿದ ಕ್ಲಬ್ಬೇ ಸೆಲ್ಟಿಕ್. 1888ರ ಮೇ 28ರಂದು ಅದರ ಮೊದಲ ಆಟ. ಎದುರಾಳಿ ಬೇರೆ ಯಾರೂ ಅಲ್ಲ, ರೇಂಜರ್ಸ್. ಸೆಲ್ಟಿಕ್ 5-2ರಿಂದ ಗೆದ್ದಿತು. ಆ ರಾತ್ರಿ ಎರಡೂ ತಂಡದವರು ಚರ್ಚಿನ ಸಭಾಂಗಣದಲ್ಲಿ ಒಟ್ಟಿಗೆ ಕೂತು ಊಟ ಮಾಡಿದರು.

1872ರಲ್ಲಿ ಕೆಲವು ಹುಡುಗರು ಆಟದ ಹುಚ್ಚಿಗೆ ಕಟ್ಟಿದ ರೇಂಜರ್ಸ್‌ಗೂ ಮೊದಲಿಗೆ ಮತದ ಗೊಡವೆ ಇರಲಿಲ್ಲ. ಆದರೆ ಐರಿಷರ ತಂಡ ಮೇಲಿಂದ ಮೇಲೆ ಗೆಲ್ಲತೊಡಗಿದಾಗ ಅದಕ್ಕೆ ಸಮನಾಗಿ ನಿಲ್ಲುವ 'ನಮ್ಮ' ತಂಡವೊಂದು ಜನಕ್ಕೆ ಬೇಕಾಯಿತು. 1912ರ ಹೊತ್ತಿಗೆ ಬೆಲ್‌ಫಾಸ್ಟಿನ ಹಾರ್ಲಂಡ್ ಅಂಡ್ ವುಲ್ಫ್ ಕಂಪನಿ ರೇಂಜರ್ಸ್ ಮೈದಾನದ ನೆರೆಯ ಗೋವನ್‌ನಲ್ಲಿ ಹಡಗು ಕಟ್ಟಲು ಬಂತು. ಅದರ ಹಿಂದೆ ಅಲ್‌ಸ್ಟರಿನ ಪ್ರಾಟೆಸ್ಟಂಟ್ ಕೆಲಸಗಾರರು ಬಂದರು, ಐರ್ಲೆಂಡಿನ ಹಗೆಯೂ ಬಂತು. ಹಗೆಯಿಂದ ಗೇಟಿನ ವಸೂಲಿ ಹೆಚ್ಚಿತು. ಎರಡೂ ತಂಡಗಳನ್ನು ಸೇರಿಸಿ 'ಓಲ್ಡ್ ಫರ್ಮ್' ಎನ್ನುವ ಮಾತಿನಲ್ಲಿ ಈ ವ್ಯಾಪಾರದ ವಾಸನೆಯಿದೆ. ದಶಕಗಳ ಕಾಲ ರೇಂಜರ್ಸ್ ಬಹಿರಂಗವಾಗಿ ಕ್ಯಾಥೊಲಿಕರನ್ನು ತಂಡಕ್ಕೆ ಸೇರಿಸಲಿಲ್ಲ. 1989ರಲ್ಲಿ ಮೊ ಜಾನ್‌ಸ್ಟನ್ ಬಂದಾಗ ಕೆಲವು ಅಭಿಮಾನಿಗಳು ತಮ್ಮದೇ ತಂಡದ ಸ್ಕಾರ್ಫುಗಳನ್ನು ಸುಟ್ಟರು.

ಇದೇ ಓದಿನಲ್ಲಿ ನಮ್ಮ ದೇಶದವರೊಬ್ಬರು ಸಿಕ್ಕರು. ಕಲ್ಕತ್ತೆಯ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬಿನ ಮೊಹಮ್ಮದ್ ಸಲೀಂ. 1936ರಲ್ಲಿ ಅವರು ಸೆಲ್ಟಿಕ್‌ನ ಎರಡನೇ ದರ್ಜೆಯ ತಂಡದ ಪರವಾಗಿ ಎರಡು ಪಂದ್ಯ ಆಡಿದರು, ಬೂಟಿಲ್ಲದೆ, ಪಾದಕ್ಕೆ ಬಟ್ಟೆ ಸುತ್ತಿಕೊಂಡು. ಜನ ಬೆರಗಾಗಿ ನೋಡಿದರು. ಆದರೆ ಊರಿನ ನೆನಪು ತಡೆಯಲಾರದೆ ಸಲೀಂ ಹಿಂದಿರುಗಿಬಿಟ್ಟರು. ಯಾವ ಗುಂಪಿಗೂ ಸೇರದ ಅವರನ್ನು ಮೆಚ್ಚಿದವರ ಮೊಮ್ಮಕ್ಕಳ ನಡುವೆಯೇ ನಾನು ಅವತ್ತು ಮುಷ್ಟಿ ಎತ್ತಿದ್ದು. ಹೊಸ ಊರಿನಲ್ಲಿ ಯಾರಾದರೂ ನಮ್ಮವರೆನ್ನಿಸಿಕೊಳ್ಳಲಿ ಎಂದು ಹಂಬಲಿಸುವುದು ಸಹಜ. ನಮ್ಮವರು ಸಿಕ್ಕ ಅರ್ಧ ಗಂಟೆಯಲ್ಲೇ ನನಗೆ ಶತ್ರುಗಳೂ ಸಿಕ್ಕಿದ್ದರು. ಅದಕ್ಕೆ ಯಾರ ಒತ್ತಾಯವೂ ಬೇಕಾಗಿರಲಿಲ್ಲ.

ಪಂದ್ಯದ ದಿನ ಸಂಜೆ ಕೋಟು ಹಿಂದಿರುಗಿಸಲು ಹೋದಾಗ ಬಾಗಿಲು ತೆರೆದವರು ಮಾಲೀಕರ ಹೆಂಡತಿ. ಅವರ ತವರಿನವರೆಲ್ಲ ರೇಂಜರ್ಸ್ ಕಡೆಯವರೆಂದು ನನಗೆ ಗೊತ್ತಾದದ್ದು ಆಗಲೇ. ಗಂಡ ಹೆಂಡತಿ ಬೇರೆ ಬೇರೆ ಕೋಣೆಯಲ್ಲಿ ಕೂತು ರೇಡಿಯೊದಲ್ಲಿ ಆಟ ಕೇಳಿದ್ದರಂತೆ. ಕೂಗಿ ಕೂಗಿ ನನ್ನ ಗಂಟಲು ಕಟ್ಟಿತ್ತು. ಅವರು ಒಳಗೆ ಕರೆದು ಬಿಸಿ ಸೂಪು ಬಡಿಸಿದರು. ಮಾಲೀಕರು ಕಂಬಳಿ ಹೊದ್ದೇ ಎದ್ದು ಬಂದರು. ಮೂವರೂ ಒಂದೇ ಮೇಜಿಗೆ ಕೂತು ಉಂಡೆವು. ಆಟದ ಮಾತು ಯಾರೂ ಎತ್ತಲಿಲ್ಲ.