ಹುಡುಕಿದ ದಾರಿಗೂ ಒಂದು ಪ್ರಶಸ್ತಿ

ಗುಂಡ್ಲುಪೇಟೆಯಿಂದ ಊಟಿಯ ರಸ್ತೆ ಹಿಡಿದು ಹಂಗಳ ದಾಟಿದರೆ ಬಂಡೀಪುರದ ಕಾಡು ಎದುರಾಗುತ್ತದೆ. ಪ್ರವಾಸಿಗರ ಕಣ್ಣು ಆನೆ, ಹುಲಿಗಳಿಗಾಗಿ ಹುಡುಕುತ್ತಿರುತ್ತದೆ. ಆದರೆ ಈ ಸೀಮೆಯ ಕಾಲೇಜು ವಿದ್ಯಾರ್ಥಿಯೊಬ್ಬ, ಕಾಡು ರಕ್ಷಿತ ಪ್ರದೇಶವಾಗುವ ಮೊದಲು ಇಲ್ಲಿ ಯಾರಿದ್ದರು ಎಂದು ಹುಡುಕಹೊರಟರೆ? ಅವನು ಗ್ರಂಥಾಲಯದ ಮೆಟ್ಟಿಲನ್ನೂ ಹತ್ತಬೇಕಾಗುತ್ತದೆ.

ಅಮೆರಿಕದ ಅನೇಕ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳು ಇಂಥ ವಿದ್ಯಾರ್ಥಿಗಳಿಗೆಂದೇ ಸಂಶೋಧನಾ ಪ್ರಶಸ್ತಿಗಳನ್ನು ಇಟ್ಟಿವೆ. ಅರ್ಜಿಯೊಡನೆ ಸಾಮಾನ್ಯವಾಗಿ ಪ್ರಬಂಧ, ಆಕರಗಳ ಪಟ್ಟಿ, ಅಧ್ಯಾಪಕರ ಶಿಫಾರಸು ಬೇಕು. ಇವುಗಳ ಜತೆಗೆ ಒಂದೆರಡು ಪುಟಗಳ ನಿವೇದನೆಯನ್ನೂ ಕೇಳುತ್ತಾರೆ: ಏನನ್ನು ಹುಡುಕಿದೆ, ಎಲ್ಲಿ ಎಡವಿದೆ, ಯಾವ ಪುಸ್ತಕ ಯಾವುದಕ್ಕೆ ದಾರಿ ತೋರಿತು, ಯಾರು ನೆರವಾದರು? ಉತ್ತರದಷ್ಟೇ, ಅದನ್ನು ತಲುಪಿದ ಹಾದಿಗೂ ಅಲ್ಲಿ ಬೆಲೆಯುಂಟು.

ಈ ಹಾದಿಯ ಮಹತ್ವ ಅರಿಯಲು ದೂರ ಹೋಗಬೇಕಿಲ್ಲ. ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿ ಆರಂಭವಾಯಿತು. 1905ರಲ್ಲಿ ಅಲ್ಲಿದ್ದ ರುದ್ರಪಟ್ಟಣದ ಆರ್. ಶಾಮಾಶಾಸ್ತ್ರಿಗಳು, ಗ್ರಂಥಲಿಪಿಯ ತಾಳೆಗರಿಯ ಕಟ್ಟೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು. ಹೆಸರಷ್ಟೇ ಕೇಳಿಬರುತ್ತಿದ್ದ ಗ್ರಂಥ 1909ರಲ್ಲಿ ಅಚ್ಚಾಯಿತು. 1915ರಲ್ಲಿ ಅದರ ಇಂಗ್ಲಿಷ್ ಅನುವಾದ ಪುಸ್ತಕವಾಗಿ ಬಂತು. ಶಾಸ್ತ್ರಿಗಳ ಕೀರ್ತಿ ವಿದೇಶಗಳಿಗೂ ಹಬ್ಬಿತು. ಆ ಹಸ್ತಪ್ರತಿಯನ್ನು ಲೈಬ್ರರಿಗೆ ತಂದೊಪ್ಪಿಸಿದವರು ಮಾತ್ರ ‘ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು’ ಎಂದಷ್ಟೇ ಚರಿತ್ರೆಯಲ್ಲಿ ಉಳಿದಿದ್ದಾರೆ. ಅವರು ತರದಿದ್ದರೆ ಶಾಸ್ತ್ರಿಗಳು ಓದುವುದೆಲ್ಲಿಂದ ಬಂತು?

ಈಗ ನಮ್ಮ ವಿದ್ಯಾರ್ಥಿಯ ಮಾತಿಗೆ ಬರೋಣ. ಬಿ.ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟ 1898ರಲ್ಲಿ ಪ್ರಕಟವಾಯಿತು. ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1970ರ ದಶಕದಲ್ಲಿ ಈ ಮಾಲೆಯ ಪರಿಷ್ಕೃತ ಆವೃತ್ತಿಯನ್ನು ಹೊರತರಲಾರಂಭಿಸಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿ, ಒಂದೇ ಕಲ್ಲಿನ ಪಾಠ ಎಲ್ಲಿ ಬೇರೆಯಾಗಿದೆಯೆಂದು ನೋಡಿದವನು ಅರ್ಧ ಸಂಶೋಧಕನಾದಂತೆಯೇ.

ಇನ್ನು ಕಾಡಿನ ದಾಖಲೆ. 1931ರಲ್ಲಿ ಮೈಸೂರು ಸಂಸ್ಥಾನ ಸುಮಾರು 90 ಚದರ ಕಿಲೋಮೀಟರಿನಲ್ಲಿ ಅಭಯಾರಣ್ಯ ಮಾಡಿತು. ಒಂದು ದಶಕದ ಬಳಿಕ ಅದು 800 ಚದರ ಕಿಲೋಮೀಟರನ್ನು ಮೀರಿ ಬೆಳೆದು ‘ವೇಣುಗೋಪಾಲ ವನ್ಯಜೀವಿ ಉದ್ಯಾನ’ ಎನಿಸಿತು. 1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿತು. ‘ವೇಣುಗೋಪಾಲ’ ಎಂಬ ಹೆಸರೊಂದೇ ಸಾಕು, ಅರಣ್ಯ ಇಲಾಖೆಯ ಕಡತದಿಂದ ಓದುಗನನ್ನು ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವಾಲಯದ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಇಷ್ಟಾದರೂ ಪ್ರಶ್ನೆ ಮುಗಿಯದು. ಶಾಸನ ಬರೆಸಿದವರು ಅರಸರು, ಗೌಡರು, ದಾನಿಗಳು. ಕಡತ ಬರೆದವರು ಅಧಿಕಾರಿಗಳು. ಈ ಕಾಡಿನಲ್ಲೇ ಬಾಳಿದ ಸೋಲಿಗರು, ಜೇನುಕುರುಬರು ಕಲ್ಲು ಕೆತ್ತಿಸಿದವರಲ್ಲ. ಅವರ ನೆನಪು ಹಾಡಿಯ ಹಿರಿಯರ ಮಾತಿನಲ್ಲಿದೆ. ಅದನ್ನು ಕೇಳಲು ವಿದ್ಯಾರ್ಥಿ ಗ್ರಂಥಾಲಯದಿಂದ ಹೊರಬರಲೇಬೇಕು.

ಆದ್ದರಿಂದ ಅರ್ಜಿ ಬರೆಯುವವರು ಸೋತ ಹುಡುಕಾಟವನ್ನು ಮುಚ್ಚಿಡಬೇಕಾಗಿಲ್ಲ. ಸಿಗದ ಸಂಪುಟ, ತಪ್ಪಾಗಿ ಓದಿದ ಸಾಲು, ಕೈಬಿಟ್ಟ ಊಹೆ ಎಲ್ಲವೂ ನಿವೇದನೆಗೆ ಸಲ್ಲುವ ಸಂಗತಿಗಳೇ. ಕಪಾಟು ತೋರಿಸಿದ ಗ್ರಂಥಪಾಲಕರನ್ನೂ, ಹೊಲದ ಬದುವಿನ ವೀರಗಲ್ಲು ತೋರಿಸಿದ ರೈತನನ್ನೂ, ಹಳೆಯ ಹಾಡಿಯ ಜಾಗ ಹೇಳಿದ ಅಜ್ಜಿಯನ್ನೂ, ಅವರು ಒಪ್ಪಿದರೆ, ಹೆಸರು ಹಿಡಿದು ನೆನೆಯಬೇಕು. ಪ್ರಶಸ್ತಿ ಬರಲಿ, ಬಿಡಲಿ. ಇನ್ನೊಬ್ಬ ಪಂಡಿತ ‘ಯಾರೋ ಒಬ್ಬರು’ ಆಗಿ ಉಳಿಯುವುದು ತಪ್ಪುತ್ತದೆ.