ಒಡನಾಡಿಯ ಅಂತರಂಗ



ಒಬ್ಬರನ್ನು ನಾವು ಚೆನ್ನಾಗಿ ಬಲ್ಲೆವೆಂದು ಹೇಳುತ್ತೇವೆ. ಒಂದೇ ಓಣಿಯವರು, ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದವರು, ಜಾತ್ರೆಯಲ್ಲಿ ಜೊತೆಗೂಡಿ ತೇರು ಎಳೆದವರು. ಅವರಿಗೆ ಹೊಲವೆಷ್ಟು, ಸಾಲವೆಷ್ಟು, ಮಗಳನ್ನು ಯಾವ ಊರಿಗೆ ಕೊಟ್ಟಿದ್ದಾರೆ, ಎಲ್ಲವೂ ನಮಗೆ ಗೊತ್ತು. ಆದರೆ ಅವರ ಜೀವ ಯಾವುದಕ್ಕಾಗಿ ಹಂಬಲಿಸುತ್ತಿದೆ ಎಂಬುದು ಗೊತ್ತೇ? ಅದು ಮುಖ ನೋಡಿದರೆ ಕಾಣುವುದಿಲ್ಲ. ಅವರ ನುಡಿಯಲ್ಲಿ ಕಾಣುತ್ತದೆ. ಇದಕ್ಕೆ ನಮ್ಮ ನಾಡಿನ ಇತಿಹಾಸದಲ್ಲಿಯೇ ಒಳ್ಳೆಯ ನಿದರ್ಶನವಿದೆ.

ವಿಜಾಪುರ ಜಿಲ್ಲೆಯ ಹಲಸಂಗಿ ಒಂದು ಚಿಕ್ಕ ಊರು. ಅಲ್ಲಿ ಕೆಲವು ಗೆಳೆಯರು ಕೂಡಿದರು. ಮಧುರಚೆನ್ನರೆಂದು ನಾವು ಕರೆಯುವ ಗಲಗಲಿ ಚೆನ್ನಮಲ್ಲಪ್ಪನವರು, ಸಿಂಪಿ ಲಿಂಗಣ್ಣನವರು, ಪಿ. ಧೂಲಾಸಾಹೇಬರು, ಕಾಪಸೆ ರೇವಪ್ಪನವರು. ಜಾತಿ ಬೇರೆ, ಮತ ಬೇರೆ, ಸ್ನೇಹ ಒಂದೇ. ದೊಡ್ಡ ಕಾಲೇಜುಗಳನ್ನು ಕಂಡವರಲ್ಲ. ಮಧುರಚೆನ್ನರು ಓದಿದ್ದು ಮುಲ್ಕಿಯವರೆಗೆ. ಇಂಗ್ಲಿಷನ್ನು ತಾವೇ ಶ್ರಮಪಟ್ಟು ಕಲಿತುಕೊಂಡರು.

ಈ ಗೆಳೆಯರು ಮಾಡಿದ ಮೊದಲ ದೊಡ್ಡ ಕೆಲಸವೇನು? ತಮ್ಮ ಊರಿನ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಕೇಳಿ ಬರೆದುಕೊಂಡರು. ಬೆಳಗಿನ ಜಾವ ಬೀಸುವ ಕಲ್ಲಿನ ಸಪ್ಪಳವನ್ನು ಯಾವ ಮಗ ಕೇಳಿಲ್ಲ? ಯಾವ ಗಂಡ ಕೇಳಿಲ್ಲ? ಹಿಟ್ಟು ಬಿತ್ತು, ರೊಟ್ಟಿ ಆಯಿತು, ಉಂಡು ಹೊಲಕ್ಕೆ ಹೋದೆವು. ಆ ಕಲ್ಲಿನ ಮುಂದೆ ಕುಳಿತ ತಾಯಿ ತವರನ್ನು ನೆನೆದು ಕಣ್ಣೀರು ತಂದದ್ದು, ಕೂಸಿನ ಮೇಲೆ ಮುತ್ತಿನಂಥ ಮಾತು ಕಟ್ಟಿದ್ದು, ದೇವರೊಡನೆ ಮನಬಿಚ್ಚಿ ಮಾತಾಡಿದ್ದು ನಮ್ಮ ಲಕ್ಷ್ಯಕ್ಕೆ ಬರಲೇ ಇಲ್ಲ. 1931ರಲ್ಲಿ ‘ಗರತಿಯ ಹಾಡು’ ಅಚ್ಚಾಗಿ ಬಂತು. ನಮ್ಮ ಮನೆಯ ತಾಯಿ ಎಷ್ಟು ದೊಡ್ಡವಳು ಎಂಬುದನ್ನು ನಾವು ಪುಸ್ತಕ ಓದಿ ತಿಳಿಯಬೇಕಾಯಿತು!

ಇನ್ನು ಆ ಗೆಳೆಯರ ನಡುವಿದ್ದ ಚೆನ್ನರನ್ನೇ ನೋಡಿರಿ. ಹೊರಗಿನಿಂದ ನೋಡಿದವರಿಗೆ ಹಾಡು ಹುಡುಕುವ ರಸಿಕ, ಹಳೆಯ ಶಾಸನಗಳ ಅಭ್ಯಾಸಿ. ಆದರೆ ಅವರು ತಮ್ಮ ಆತ್ಮದ ಪಯಣವನ್ನು ಬರೆದಿಟ್ಟರು. ಆ ಬರಹಗಳ ಹೆಸರನ್ನೇ ಕೇಳಿರಿ: ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’. ಹಾಡು ಕೂಡಿಸುತ್ತ ನಗುತ್ತ ತಿರುಗಿದ ಆ ಜೀವಕ್ಕೆ ಒಂದು ಕಾಳರಾತ್ರಿಯೂ ಇತ್ತು! ‘ನನ್ನ ನಲ್ಲ’ ಎಂಬ ಅವರ ಕವಿತೆಯಲ್ಲಿ ಜೀವವು ನಲ್ಲೆಯಾಗಿ ದೇವನೆಂಬ ನಲ್ಲನನ್ನು ಅರಸುತ್ತದೆ. ಶರಣಸತಿ ಲಿಂಗಪತಿ ಎಂಬ ನಮ್ಮ ಹಿರಿಯರ ಭಾವವೇ ಅಲ್ಲವೇ ಇದು? ಮುಂದೆ ಅವರು ಶ್ರೀ ಅರವಿಂದರ ಭಕ್ತರಾದರು; 1953ರಲ್ಲಿ, ಐವತ್ತರ ವಯಸ್ಸಿನಲ್ಲಿ, ಲಿಂಗೈಕ್ಯರಾದರು. ಬರೆಯದೆ ಹೋಗಿದ್ದರೆ ಆ ರಾತ್ರಿಯೂ ಆ ಬೆಳಗೂ ಅವರೊಡನೆಯೇ ಹೋಗಿಬಿಡುತ್ತಿದ್ದವು.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದದ್ದೂ ಇದೇ. ದೋಣಿ ನಡೆಸುವವರು ಚೌಡಯ್ಯನವರು, ಬಟ್ಟೆ ಮಡಿ ಮಾಡುವವರು ಮಾಚಯ್ಯನವರು, ಹಗ್ಗ ಹೊಸೆಯುವವರು ಚಂದಯ್ಯನವರು. ಲೋಕಕ್ಕೆ ಕಂಡದ್ದು ದೋಣಿ, ಬಟ್ಟೆ, ಹಗ್ಗ. ಶರಣರು ಕೂಡಿ ಕುಳಿತು ಒಬ್ಬರ ವಚನವನ್ನು ಒಬ್ಬರು ಕಿವಿಗೊಟ್ಟು ಕೇಳಿದಾಗ ಒಳಗಿನ ಅನುಭಾವ ಕಂಡಿತು. ಕಾಯಕ ಕೈಯಲ್ಲಿ, ಅನುಭಾವ ನುಡಿಯಲ್ಲಿ. ಕೇಳುವ ಕಿವಿ ಇದ್ದುದರಿಂದಲೇ ಅದು ಅನುಭವ ಮಂಟಪವಾಯಿತು.

ಆಮೇಲೆ ನಾವೇನು ಮಾಡಿದೆವು? ಆ ವಚನಗಳ ತಾಡೋಲೆ ಕಟ್ಟುಗಳನ್ನು ವಸ್ತ್ರದಲ್ಲಿ ಸುತ್ತಿ ಜಗಲಿಯ ಮೇಲಿಟ್ಟೆವು. ವಿಭೂತಿ ಹಚ್ಚಿದೆವು, ಪತ್ರಿ ಏರಿಸಿದೆವು. ಬಿಚ್ಚಿ ಓದಲಿಲ್ಲ! ಅದೇ ವಿಜಾಪುರದಲ್ಲಿ ವಕೀಲರಾಗಿದ್ದ ಡಾ. ಫ.ಗು. ಹಳಕಟ್ಟಿಯವರು ಮನೆಮನೆ ತಿರುಗಿ ಕಟ್ಟು ಬಿಚ್ಚಿದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಪೂಜೆಗೊಂಡು ಮೂಕರಾಗಿದ್ದ ಶರಣರು ಆಗ ಮತ್ತೆ ಮಾತಾಡಿದರು. ಓದದೆ ಪೂಜಿಸುವುದು ಅತಿಥಿಯನ್ನು ಕರೆತಂದು ಗದ್ದುಗೆಯ ಮೇಲೆ ಕೂಡಿಸಿ, ಅವನ ಮಾತು ಕೇಳದೆ ಎದ್ದು ಹೋದಂತೆ.

ಬಂಧುಗಳೇ, ನಿಮ್ಮ ಮನೆಯಲ್ಲಿಯೂ ಒಂದು ಹಳೆಯ ವಹಿ ಇದ್ದೀತು. ಅಜ್ಜ ಬರೆದ ನಾಲ್ಕು ತತ್ವಪದ, ಅಕ್ಕ ಬರೆದಿಟ್ಟ ಹಾಡು, ಗೆಳೆಯ ಸಂಕೋಚದಿಂದ ಕೈಗಿತ್ತ ಹಾಳೆ. “ಇವನೇನು ಬರೆದಾನು!” ಎಂದು ಬದಿಗಿಡಬೇಡಿರಿ. ಹಾಗೆ ಬದಿಗಿಟ್ಟು, ಬರೆದವರು ಲಿಂಗೈಕ್ಯರಾದ ಮೇಲೆ ಓದಿ ಅತ್ತವರನ್ನು ನಾವು ಕಂಡಿದ್ದೇವೆ. ಕಣ್ಣೀರಿನಿಂದ ಹಾಳೆ ತೊಯ್ದೀತು. ಗೆಳೆಯನಿಗೆ ಒಂದು ಮಾತು ಮುಟ್ಟೀತೇ?

ಆದ್ದರಿಂದ ಇರುವಾಗಲೇ ಓದಿರಿ, ಇರುವಾಗಲೇ ಕೇಳಿರಿ. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ನೋಡುವ ಏಕಾಗ್ರತೆಯಲ್ಲಿ ಒಂದು ಪಾಲನ್ನಾದರೂ ಪಕ್ಕದಲ್ಲಿ ಕುಳಿತ ಜಂಗಮಜೀವಕ್ಕೆ ಕೊಡಿರಿ. ಒಡನಾಡಿಯ ಅಂತರಂಗವನ್ನು ಅರಿಯುವುದೂ ಶಿವನನ್ನು ಅರಿಯುವ ದಾರಿಯೇ ಆಗಿದೆ.