ತಲಪಾಡಿ ದಾಟುವ ಬೈಕು

ಶಕ್ತಿನಗರದಿಂದ ಬೈಕಿನಲ್ಲಿ ಹೊರಟು ನಂತೂರು, ಪಂಪ್‌ವೆಲ್, ನೇತ್ರಾವತಿ ಸೇತುವೆ, ತೊಕ್ಕೊಟ್ಟು ಕಳೆದರೆ ತಲಪಾಡಿ. ಅದರಾಚೆ ಕೇರಳ. ಆದರೂ ಮಂಜೇಶ್ವರದಲ್ಲಿ ದಾರಿ ಕೇಳಲು ತುಳುವೋ ಕನ್ನಡವೋ ಸಾಕು.

1956ರ ನವೆಂಬರ್ 1ರವರೆಗೆ ಇಲ್ಲಿ ರಾಜ್ಯದ ಗಡಿ ಇರಲಿಲ್ಲ. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಪುನರ್ವಿಂಗಡಣೆಯಲ್ಲಿ ಅದು ಕೇರಳಕ್ಕೆ ಹೋಯಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಹೇಳಿದರೂ ಗೆರೆ ಕದಲಲಿಲ್ಲ.

ಸವಾರನಿಗೆ ಈ ಗೆರೆ ಕಾಗದಪತ್ರಗಳಲ್ಲಿ ಎದುರಾಗುತ್ತದೆ. ಹೋಗಿ ಬರಲು ಆರ್‌ಸಿ, ಲೈಸೆನ್ಸ್, ವಿಮೆ, ಹೊಗೆ ತಪಾಸಣೆ ಪತ್ರ ಸಾಕು. ಕೆಎ 19ರ ಬೈಕು ಕಾಸರಗೋಡಿನಲ್ಲೇ 12 ತಿಂಗಳು ಮೀರಿ ಉಳಿದರೆ, 1988ರ ಮೋಟಾರು ವಾಹನ ಕಾಯ್ದೆಯಂತೆ ನಿರಾಕ್ಷೇಪಣಾ ಪತ್ರ ತಂದು ಕೆಎಲ್ 14ಕ್ಕೆ ಬದಲಾಗಬೇಕು.

2020ರ ಮಾರ್ಚ್‌ನಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕ ಈ ಗಡಿಯ ರಸ್ತೆಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ರೋಗಿಗಳು ಆಚೆ ಉಳಿದರು, ಕೆಲವರು ತೀರಿಕೊಂಡರು. ತುರ್ತು ಚಿಕಿತ್ಸೆಗೆ ದಾರಿ ತೆರೆಸುವಂತೆ ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಕೇಂದ್ರ ಸರ್ಕಾರಕ್ಕೆ ಸೂಚಿಸಬೇಕಾಯಿತು.

ಆ ಮಣ್ಣು ಈಗಿಲ್ಲ. ಆದರೆ ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ಊರುಗಳ ನಡುವಿನ ದಾರಿ ಹಾಗೆ ಮುಚ್ಚಿಹೋದುದನ್ನು ಕಂಡ ಮೇಲೆ, ತಲಪಾಡಿಯನ್ನು ಮೊದಲಿನಂತೆ ಗಮನಿಸದೆ ದಾಟಲು ನನಗಾಗುವುದಿಲ್ಲ.